ಪೇಟಿಯವಳ ಬ್ಲಾಗು

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ನಾನು ಅದನ್ನು ಕಲಿತದ್ದು ಅಜ್ಜನ ಮಗ್ಗುಲಲ್ಲಿ ಕೂತು. ತಿದಿ ಹೇಗೆ ಒತ್ತಬೇಕು ಅನ್ನುವುದಕ್ಕೂ ಮೊದಲು ಅಜ್ಜ ತೋರಿಸಿದ್ದು ಎಲ್ಲಿ ಕೂಡಬೇಕು ಅನ್ನುವುದನ್ನು. ಹಾಡುವವರ ಎಡಕ್ಕೆ, ಒಂದು ಗೇಣು ಹಿಂದೆ.

"ನಾವು ಸಾಥಿದಾರರವ್ವಾ. ಕರೆದ್ರ ಹೋಗಬೇಕು. ಅವರು ಸುರು ಮಾಡಿದ ಮ್ಯಾಲ ನಾವು ಬಾರಸಬೇಕು."

ಹಾಗೆ ಬ್ಯಾಡಗಿಯಿಂದ ಹಾವೇರಿಗೆ ಓಡಾಡುತ್ತ, ಒಬ್ಬರೇ ಗಾಯಕಿಗೆ ಸಾಥ್ ಕೊಡುತ್ತ ನನ್ನ ಅರ್ಧ ಆಯುಷ್ಯ ಕಳೆಯಿತು. ಅವರನ್ನು ಅಕ್ಕಾ ಎಂದೇ ಕರೆಯುತ್ತಿದ್ದೆ. ಮಠದ ಕಾರ್ಯಕ್ರಮವಿರಲಿ, ಶ್ರಾವಣದ ಭಜನೆಯಿರಲಿ, ಕರೆ ಬರುತ್ತಿದ್ದದ್ದು ಅಕ್ಕನಿಗೆ. ನಾನು ಅವರ ಜೊತೆ ಬರುವವಳು. ಗಂಟಲಿಗೆ ಆಪರೇಶನ್ ಆಗಿ, ಇನ್ನು ಹಾಡಬೇಡಿ ಎಂದು ಡಾಕ್ಟರು ಅವರಿಗೆ ಹೇಳಿದ ಮೇಲೆ ನನ್ನ ಫೋನೂ ಬಾಯಿ ಮುಚ್ಚಿತು. ಯಾರಿಗೂ ನನ್ನ ಮೇಲೆ ಸಿಟ್ಟಿರಲಿಲ್ಲ. ಪೇಟಿಯವಳು ಬೇರೆ ಒಂದು ಜೀವ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ನೋಡಲು ಹೋದಾಗ ಅಕ್ಕ ಪಿಸುಧ್ವನಿಯಲ್ಲೇ ನನಗೆ ಬೈದರು.

"ಹುಬ್ಬಳ್ಳ್ಯಾಗ ಒಬ್ಬ ಕೊಳಲಿನವ ಬ್ಲಾಗು ಬರದು ಬರದು ಎಲ್ಲೆಲ್ಲಿಂದೋ ಪ್ರೋಗ್ರಾಂ ಹಿಡಿಯಾಕತ್ತಾನಂತ. ನೀನೂ ಒಂದು ತಗಿ. ನಾಕ ಮಂದಿಗೆ ಗೊತ್ತಾಗ್ಲಿ, ನೀ ಇನ್ನೂ ಇದ್ದೀದಿ ಅಂತ."

"ಬರಿಯಾಕ ನನಗೇನ ಬರ್ತೈತಕ್ಕಾ?"

"ಮಾತಿಗೆ ನಿಂತ್ರ ಬಸ್ಸು ಹೋಗೂತನಕ ಮಾತಾಡ್ತೀದಿ. ಅದನ್ನ ಬರಿ ಸಾಕು."

ಬರೆದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮೂರಿನ ಘಾಟು ಪೇಟಿಯ ಒಳಗೂ ಹೊಕ್ಕು, ತಿದಿ ಒತ್ತಿದರೆ ಎದುರು ಕೂತವರು ಸೀನುವ ಕಥೆ ಬರೆದೆ. ಒಂದು ಭಜನೆಯನ್ನು ನುಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅದರ ಜೊತೆಗೆ ಹಾಕಿದೆ. ಎರಡು ದಿನಕ್ಕೆ ಯಾರೋ ಗುರುತಿಲ್ಲದವರು ಕೆಳಗೆ ಬರೆದಿದ್ದರು: "ಮೇಡಂ, ಆಡಿಯೋ ನಡುನಡುವೆ ಕಟ್ ಆಗುತ್ತಿದೆ. ಸರಿಮಾಡಿ ಹಾಕಿ."

ಕೇಳಿ ನೋಡಿದೆ. ಎಲ್ಲೂ ಕಟ್ ಆಗಿರಲಿಲ್ಲ. ಸ್ವರ ಕೊಟ್ಟು, ಅಕ್ಕ ಸಾಲು ಹಾಡುವಷ್ಟು ಹೊತ್ತು ಬೆರಳು ತಡೆದು, ಆಮೇಲೆ ತುಂಬುವುದು ನನ್ನ ರೂಢಿ. ಹಾಡುವವರಿಲ್ಲದೆ ನುಡಿಸುವಾಗಲೂ ಬೆರಳು ತಾವೇ ತಡೆದಿದ್ದವು. ಆ ಖಾಲಿ ಜಾಗದಲ್ಲಿ ಮಾರ್ಕೆಟ್ಟಿನ ಲಾರಿಯೊಂದು ರಿವರ್ಸ್ ತೆಗೆಯುವ ಸದ್ದು ಮಾತ್ರ ಕೇಳುತ್ತಿತ್ತು. ಆ ರೆಕಾರ್ಡಿಂಗನ್ನೇ ಬ್ಲಾಗಿನಿಂದ ತೆಗೆದುಹಾಕಿದೆ.

ಆಮೇಲೆ ಹಾಕಿದ್ದು ಲೆಹರಾ. ತಾಳದ ಒಂದು ಸುತ್ತಿಗೆ ಸರಿಯಾಗಿ ಕೂಡುವ ಸಣ್ಣ ಧಾಟಿಯನ್ನು ಬಿಡದೆ ಮತ್ತೆ ಮತ್ತೆ ನುಡಿಸುವುದು. ತಬಲಾದವರ ರಿಯಾಜಿಗೆ ಬೇಕೇ ಬೇಕು, ಹಾಡುವವರ ಹಂಗಿಲ್ಲ. ಇದನ್ನು ಜನ ಎತ್ತಿಕೊಂಡರು. ಕಂಡು ಕೇಳದ ಊರುಗಳಿಂದ ಧನ್ಯವಾದ ಬಂದವು. ಪ್ರತಿ ಸಲವೂ ಕೊನೆಗೆ "ಸಾಥಿಗೆ ಕರೆದರೆ ಬರುತ್ತೇನೆ" ಎಂದು ಸೇರಿಸುತ್ತಿದ್ದೆ. ಆ ಸಾಲಿಗೆ ಮಾತ್ರ ಯಾರೂ ಉತ್ತರ ಬರೆಯುತ್ತಿರಲಿಲ್ಲ.

ಕಡೆಗೊಂದು ದಿನ ರಾಣೆಬೆನ್ನೂರಿನಿಂದ ಫೋನು ಬಂತು. ತಬಲಾ ಕ್ಲಾಸು ನಡೆಸುವ ಮಾಸ್ತರರು.

"ಅಕ್ಕಾರ, ನಿಮ್ಮ ಪೇಟಿ ಇಲ್ಲಂದ್ರ ನಮ್ಮ ಕ್ಲಾಸ ನಡಿಯಂಗಿಲ್ರಿ. ಪ್ರತಿ ಗುರುವಾರ ಇರ್ತೈತಿ. ಈ ಗುರುವಾರ ನೀವು ಬರಾಕಬೇಕು."

ವಾರಕ್ಕೊಮ್ಮೆ ಕೂಡಲು ಒಂದು ಜಾಗ ಸಿಕ್ಕಿತು ಅಂದುಕೊಂಡೆ. ಪೇಟಿ ಒರೆಸಿ, ಬಟ್ಟೆಯಲ್ಲಿ ಕಟ್ಟಿ, ಮೋಟೆಬೆನ್ನೂರಿನ ಮೇಲಿಂದ ಹೋಗುವ ಬಸ್ಸು ಹತ್ತಿದೆ. ಬೀಜದ ಅಂಗಡಿಯ ಮಾಳಿಗೆಯ ಮೇಲೆ ಅವರ ಕ್ಲಾಸು. ಮೆಟ್ಟಿಲು ಹತ್ತುವಾಗಲೇ ಒಳಗಿಂದ ಪೇಟಿಯ ಸದ್ದು ಕೇಳಿತು. ನನಗಿಂತ ಮೊದಲು ಯಾರೋ ಬಂದು ಕೂತಿದ್ದಾರೆ! ಬಾಗಿಲಿಗೆ ಬಂದು ನೋಡಿದರೆ, ಸ್ಟೂಲಿನ ಮೇಲೆ ಸ್ಪೀಕರು, ಅದಕ್ಕೆ ಹಚ್ಚಿದ ಮೊಬೈಲು. ನುಡಿಸುತ್ತಿದ್ದವಳು ನಾನೇ.

"ಬರ್ರಿ ಬರ್ರಿ, ಕುಂದ್ರಿ" ಎಂದು ಮಾಸ್ತರರು ಕುರ್ಚಿ ಎಳೆದರು. ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ಕರೆದದ್ದು ಇದಕ್ಕೆ. ಕಟ್ಟಿ ತಂದ ಪೇಟಿ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕೂತಿತ್ತು.

ನಾನೇ ಬಾಯಿ ಬಿಟ್ಟೆ. "ಪೇಟಿ ತಂದೇನ್ರಿ ಮಾಸ್ತರ. ಒಂದೀಟು ಬಾರಸ್ಲೇನ್ರಿ?"

"ಅಯ್ಯ, ಖರೇ ಅಂದ್ರ ನಮ್ಮ ಪುಣ್ಯಾರಿ!"

ಹಲಗೇರಿಯ ಹುಡುಗಿಯೊಬ್ಬಳು ತಬಲಾದ ಮುಂದೆ ಕೂತಳು. ನಾನು ಲೆಹರಾ ಹಿಡಿದೆ. ಹೊಸಬಳು, ನಾಲ್ಕು ಸುತ್ತಿಗೇ ಲಯ ಏರಿಸಿದಳು. ನಾನೂ ಅವಳ ಜೊತೆ ಏರಿದೆ. ತಡವರಿಸಿದಳು, ತಡೆದೆ. ಬೇಕೆಂದು ಮಾಡಿದ್ದಲ್ಲ. ಎದುರಿನವರ ಉಸಿರು ನೋಡಿ ಹೋಗುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ.

ಮಾಸ್ತರರು ನಕ್ಕರು. "ಅಕ್ಕಾರ, ನೀವು ಅಕಿ ಬೆನ್ನ ಹಿಂದ ಓಡಾಕತ್ತೀರಿ. ಮೊಬೈಲಿನ್ಯಾಗಿನ ಅಕ್ಕಾರು ಓಡಂಗಿಲ್ಲ ನೋಡ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಸ್ತರರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕಲಿಯುವವರಿಗೆ ಅಲುಗಾಡದ ಲೆಹರಾವೇ ಬೇಕು. ಹುಡುಗಿ ಮಾತ್ರ ನಗಲಿಲ್ಲ. ಬೆರಳಿಗೆ ಪೌಡರು ಹಚ್ಚಿಕೊಳ್ಳುತ್ತ, "ಇನ್ನೊಮ್ಮೆ ಬಾರಸ್ರೀ" ಅಂದಳು. ಅಷ್ಟರಲ್ಲಿ ಚಹಾ ಬಂತು.

ಹೊರಡುವಾಗ ಮಾಸ್ತರರು ಪೇಟಿಯನ್ನು ತಾವೇ ಕೆಳಗಿಳಿಸಿ ಕೊಟ್ಟರು. "ಒಂದು ಕೆಲಸ ಮಾಡ್ರಿ ಅಕ್ಕಾರ. ಹೊಸಾ ಹುಡುಗರಿಗೆ ಇನ್ನೂ ನಿಧಾನದ್ದು ಒಂದು ಬ್ಲಾಗಿಗೆ ಹಾಕ್ರಿ."

ಬಸ್ಸಿನಲ್ಲಿ ಶಾಲು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಮರುದಿನ ಕಿಟಕಿ ಬಾಗಿಲು ಮುಚ್ಚಿ, ನಿಧಾನದ ಲೆಹರಾ ನುಡಿಸಿದೆ. ಲಯ ಒಂದಿಷ್ಟೂ ಅಲುಗಲಿಲ್ಲ. ಎದುರಿಗೆ ಯಾರೂ ಇಲ್ಲದಿದ್ದರೆ ಅದೇನೂ ಕಷ್ಟವಲ್ಲ.

ಸಂಜೆಗೆ ಮಾಸ್ತರರು ಅದರ ಕೆಳಗೆ ಬರೆದರು: "ಭಾಳ ಚಲೋ ಆಗೈತ್ರಿ ಅಕ್ಕಾರ. ಇನ್ನ ನಿಮಗ ಬರೂ ತ್ರಾಸ ಇಲ್ಲ."

ಪ್ರೀತಿಯಿಂದಲೇ ಬರೆದದ್ದು. ಕರೆಯದೆ ಹೋಗುವುದು ಸಾಥಿದಾರರ ರೀತಿಯಲ್ಲ. ಆದರೂ ಬರೆದುಬಿಟ್ಟೆ: "ತ್ರಾಸೇನಿಲ್ರಿ ಮಾಸ್ತರ. ಆ ಹಲಗೇರಿ ಹುಡುಗಿ ಇನ್ನೊಮ್ಮೆ ಅಂದಿದ್ಲು. ಗುರುವಾರ ಬರ್ತೇನಿ."

ಇವತ್ತು ಬುಧವಾರ. ಉತ್ತರ ಬಂದಿಲ್ಲ. ಪೇಟಿ ಕಟ್ಟಿ ಇಟ್ಟಿದ್ದೇನೆ.