ಎಲುಬಿಗೆ ಕೊಟ್ಟ ಔಷಧ

ನಮ್ಮದು ಕುರಿ ಸಾಕುವ ಮನೆ. ಹುಟ್ಟಿದ ಮರಿ ಉಸಿರಾಡದಿದ್ದರೆ ಅಜ್ಜ ಅದರ ಹಿಂಗಾಲು ಹಿಡಿದು ಗರಗರ ತಿರುಗಿಸುತ್ತಿದ್ದ. ಮೂಗಿನ ಲೋಳೆ ಹಾರಿ ಮರಿ ಸೀನುತ್ತಿತ್ತು. ಪಕ್ಕದ ಊರು ಅಸಂಗಿಯಿಂದಲೂ ಅಜ್ಜನನ್ನು ಕರೆಯಲು ಜನ ಬರುತ್ತಿದ್ದರು.

ನಾನು ಫೋನಿನಲ್ಲಿ ವಿಡಿಯೋ ನೋಡಿ ವೈದ್ಯಕೀಯ ಕಲಿಯುವ ಹುಚ್ಚ. ಎದೆ ಒತ್ತುವುದು, ಬಾಯಿಂದ ಉಸಿರು ಕೊಡುವುದು, ಹೃದಯ ನಿಂತಾಗ ಯಾವ ಔಷಧ, ಎಲ್ಲ. ದಿಂಬಿನ ಮೇಲೆ ಒತ್ತಿ ಒತ್ತಿ ಅಭ್ಯಾಸ ಮಾಡುವಾಗ ಅಜ್ಜ ನಗುತ್ತಿದ್ದ.

"ಏ ಮೊಬೈಲ್ ಡಾಕ್ಟರಾ, ದಿಂಬಿಗಿ ಜೀವಾ ಬಂತೇನೋ?"

"ಇನ್ನೊಂದೀಟ ತಡಿ ಅಜ್ಜಾ, ಎದ್ದ ಚಾ ಕೇಳ್ತೈತಿ."

ರಜೆಗೆ ಬಂದಿದ್ದ ಅಕ್ಕನ ಮಗಳು, ನಾಲ್ಕು ವರ್ಷದವಳು, ಬಿದ್ದು ಬಿದ್ದು ನಗುತ್ತಿದ್ದಳು. "ಮಾಮಾ, ದಿಂಬಿಗಿ ಬಾಯೇ ಇಲ್ಲ!"

ಆ ಬೇಸಿಗೆಯಲ್ಲೇ ಅವಳು ಹೊಲದ ಹೊಂಡಕ್ಕೆ ಬಿದ್ದಳು. ನೀರು ಇಂಗದಂತೆ ಪ್ಲಾಸ್ಟಿಕ್ ಹಾಸಿದ ಹೊಂಡ. ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಎತ್ತಿದ್ದು ಅಜ್ಜನೇ. ಕೂಗು ಕೇಳಿ ನಾನು ಓಡಿ ಬಂದಾಗ ಅವಳ ಎರಡೂ ಕಾಲು ಹಿಡಿದು ತಿರುಗಿಸುತ್ತಿದ್ದ, ಮರಿಯನ್ನು ತಿರುಗಿಸಿದ ಹಾಗೆಯೇ. ಅವಳ ಕೂದಲಿನ ನೀರು ಸುತ್ತಲೂ ಚಿಮ್ಮುತ್ತಿತ್ತು.

"ಬಿಡು ಅಜ್ಜಾ! ಕೆಳಗ ಮಲಗಸು!"

"ನೀರ ಹೊರಗ ಬರ್ತೈತಿ, ತಡಿಯೋ!"

ಕಸಿದುಕೊಂಡೆ. ಉಸಿರು ಕೊಟ್ಟೆ, ಎದೆ ಒತ್ತಿದೆ. ಪಕ್ಕದ ಹೊಲದವರ ಜೀಪಿನಲ್ಲಿ ದವಾಖಾನೆ ಬರುವವರೆಗೂ ಅದನ್ನೇ ಮಾಡಿದೆ. ದಿಂಬು ಬೇರೆ, ಅವಳ ಎದೆ ಬೇರೆ.

ಅಲ್ಲಿ ಅವಳ ಕೈಯಲ್ಲಿ ನರ ಸಿಗಲಿಲ್ಲ. ಡಾಕ್ಟರ್ ಮೊಣಕಾಲಿನ ಕೆಳಗೆ ಎಲುಬಿನೊಳಕ್ಕೇ ಸೂಜಿ ಇಳಿಸಿದರು.

"ಎಲಬಿಗ್ಯಾಕ ಚುಚ್ಚತೀರಿ? ಕೂಸಿಗಿ ನೋಯ್ತೈತ್ರಿ!" ಜೀಪಿನಲ್ಲಿ ಜೊತೆಗೇ ಬಂದಿದ್ದ ಅಕ್ಕ ಚೀರಿದಳು.

ನೋಯಲಿ ದೇವರೇ, ನೊಂದು ಒಮ್ಮೆ ಅಳಲಿ ಎಂದು ನಾನು ಬೇಡುತ್ತಿದ್ದೆ.

ಅಡ್ರಿನಾಲಿನ್. ನನಗೆ ಬಾಯಿಪಾಠವಾಗಿದ್ದ ಹೆಸರು. ಕೊಟ್ಟರು, ಒತ್ತಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟರು. ಒಮ್ಮೆ ನಾಡಿ ಬಂತು! ಹೊರಗಿದ್ದ ಅಜ್ಜನಿಗೆ ಹೇಳಲು ಬಾಗಿಲವರೆಗೆ ಓಡಿದೆ. ತಿರುಗಿ ನೋಡಿದರೆ ಮತ್ತೆ ಒತ್ತುತ್ತಿದ್ದರು. ನಾಡಿ ಆಮೇಲೆ ಬರಲಿಲ್ಲ.

ನಮ್ಮದು ಗಡಿಭಾಗ; ಡಾಕ್ಟರ್ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಆ ಔಷಧ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಎದೆ ಒತ್ತುವಾಗ ಹೃದಯಕ್ಕೆ ಹೆಚ್ಚು ರಕ್ತ ಸಿಗುತ್ತದೆ. ಆದರೆ ಬಹಳ ಹೊತ್ತು ಉಸಿರೇ ಇಲ್ಲದ ಮಗುವಿಗೆ ಅದೊಂದೇ ಸಾಲದು.

ಅವಳ ದಿನಕರ್ಮ ಮುಗಿದ ಮೇಲೆ ಅಜ್ಜ ಕುರಿಹಟ್ಟಿಯಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ.

"ತಮ್ಮಾ, ಖರೇ ಹೇಳು. ಔಷಧಾ ತಡಾ ಆತೋ, ನಾ ತಡಾ ಮಾಡಿದ್ನೋ?"

ಮೊದಲು ಉಸಿರು ಕೊಡಬೇಕಿತ್ತು, ಅದು ನನಗೆ ಗೊತ್ತು. ಅವಳು ಎಷ್ಟು ಹೊತ್ತು ನೀರಿನಲ್ಲಿದ್ದಳೋ ಯಾರಿಗೂ ಗೊತ್ತಿಲ್ಲ, ಅದೂ ಖರೇನೇ.

"ಭಾಳ ಹೊತ್ತ ನೀರಾಗ ಇದ್ಲು ಅಜ್ಜಾ."

"ನಾ ಕೇಳಿದ್ದ ಅದಲ್ಲ."

ಅಜ್ಜ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ಕುಳಿತ.

ಮೊನ್ನೆ ಒಂದು ಮರಿ ಉಸಿರಿಲ್ಲದೆ ಹುಟ್ಟಿತು. ಅಜ್ಜ ಅದರ ಕಾಲು ಹಿಡಿದ, ಎತ್ತಲಿಲ್ಲ.

"ನೀ ತಿರುಗಸು," ಎಂದು ನನ್ನ ಕೈಗಿಟ್ಟು ಬೆನ್ನು ಮಾಡಿ ನಿಂತ.

ತಿರುಗಿಸಿದೆ. ಮರಿ ಸೀನಿತು.

"ಬದಕಿತೇನು?"

"ಬದಕಿತು ಅಜ್ಜಾ."

ತಿರುಗಿ ನೋಡಲಿಲ್ಲ. ಹೊಂಡದ ಪಕ್ಕದ ದಾರಿ ಬಿಟ್ಟು, ಸುತ್ತು ಹಾಕಿಕೊಂಡು ಮನೆಗೆ ಹೋದ.