ಹಳ್ಳ ದಾಟುವ ಗಾಡಿ

ಶಿವಮೊಗ್ಗದ ಗಾಡಿ ಅಂಗಡಿಯಲ್ಲಿ ನಮ್ಮಣ್ಣ ವೀರಬಸಪ್ಪ ಕೇಳಿದ್ದು ಒಂದೇ ಪ್ರಶ್ನೆ. ಟೈ ಕಟ್ಟಿದ ಸೇಲ್ಸ್‌ಮನ್ ಮೆತ್ತನೆಯ ಸೀಟು ತೋರಿಸಿದ, ಟೇಪ್ ರೆಕಾರ್ಡರ್ ಹಾಕಿ ಕೇಳಿಸಿದ, ಕಿಟಕಿಯ ಗಾಜನ್ನು ಏರಿಸಿ ಇಳಿಸಿ ತೋರಿಸಿದ. ಅಣ್ಣ ಎಲ್ಲಕ್ಕೂ ಹೂಂ ಹೂಂ ಎಂದು, ಬಗ್ಗಿ ಗಾಡಿಯ ಹೊಟ್ಟೆಯ ಕೆಳಗೆ ಕೈ ತೂರಿಸಿ ನೋಡಿ ಎದ್ದು ನಿಂತ.

"ಇದು ನಮ್ಮ ಹಳ್ಳ ದಾಟ್ತತೇನ್ರೀ?"

"ಯಾವ ಹಳ್ಳ ಸಾರ್?"

ಅಣ್ಣ ಮುಖ ಗಂಟಿಕ್ಕಿಕೊಂಡ. ಲೋಕದವರೆಲ್ಲ ನಮ್ಮ ಹಳ್ಳವನ್ನು ನೋಡಿಯೇ ಇರಬೇಕು ಎಂಬುದು ಅವನ ಲೆಕ್ಕ. ನಾಲ್ಕು ಜನ ತಿರುಗಿ ನೋಡುತ್ತಿದ್ದರು, ನನಗೆ ನಾಚಿಕೆಯಾಗಿ ಸೆರಗು ಸರಿಮಾಡಿಕೊಂಡೆ. ಅವನ ಮಗಳು ಸರ್ವಮಂಗಳ ಅಷ್ಟರಲ್ಲಿ ಹಿಂದಿನ ಸೀಟಿಗೆ ಹತ್ತಿ ಕೂತು, ಇನ್ನು ಇಳಿಯುವುದಿಲ್ಲ ಎನ್ನುವವಳ ಹಾಗೆ ಕಾಲು ಚಾಚಿದ್ದಳು. ತೊಂಬತ್ನಾಲ್ಕನೇ ಇಸವಿಯ ಮಾತು. ಪೇಟೆಗೆ ಹೊಸ ಹೊಸ ದೊಡ್ಡ ಗಾಡಿಗಳು ಬರತೊಡಗಿದ್ದ ಕಾಲ. ಭತ್ತ, ಜೋಳದ ವ್ಯಾಪಾರ ಮಾಡುವವರ ಮನೆಯ ಮುಂದೆ ಒಂದೊಂದು ಗಾಡಿ ನಿಲ್ಲುತ್ತಿತ್ತು, ನಮ್ಮದರ ಮುಂದೆ ಇನ್ನೂ ಎತ್ತಿನ ಗಾಡಿಯೇ ಇತ್ತು.

ನಮ್ಮೂರು ತೊಗರ್ಸಿಯಿಂದ ಒಳಗೆ. ಊರಿಗೂ ಟಾರು ರಸ್ತೆಗೂ ನಡುವೆ ಹಳ್ಳ. ಬೇಸಿಗೆಯಲ್ಲಿ ಕುರಿಮರಿಯೂ ದಾಟುತ್ತದೆ, ಮಳೆಗಾಲದಲ್ಲಿ ಎತ್ತುಗಳೇ ಹಿಂದೆ ಸರಿಯುತ್ತವೆ. ಸೇತುವೆ ಮಾಡಿಸುತ್ತೇವೆ ಎಂದು ಪ್ರತಿ ಚುನಾವಣೆಗೂ ಬಂದು ಹೇಳಿ, ನಮ್ಮನೆ ಕಾಫಿ ಕುಡಿದು ಹೋಗುತ್ತಿದ್ದರು. ನಾನು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅಕ್ಕನಾಗಮ್ಮ ಅಂತ ಹೆಸರು. ಬಾಯಿ ಜೋರು ಅನ್ನುತ್ತಾರೆ, ಇರಲಿ. ಬಂದ ಎರಡನೇ ಮಳೆಗಾಲದಲ್ಲಿ ಅತ್ತಿಗೆಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಶಿಕಾರಿಪುರದಿಂದ ಬಾಡಿಗೆ ಕಾರು ತರಿಸಿದೆವು. ಬರುವಾಗ ದಾಟಿದ ಕಾರು ಹೋಗುವಾಗ ಹಳ್ಳದ ನಡುವೆ ಕೆಟ್ಟು ನಿಂತಿತು. ನೀರು ಬಾಗಿಲಿನ ಮಟ್ಟಕ್ಕೆ ಬಂತು. ಅತ್ತಿಗೆ ಮೈ ಚಾಚಲು ಜಾಗವಿಲ್ಲದೆ ಮೊಣಕಾಲು ಮಡಿಸಿಕೊಂಡೇ ಪ್ರಾಣ ಬಿಟ್ಟಳು. ಮಂಗಳ ಆಗ ಪ್ರೈಮರಿ ಶಾಲೆಯಲ್ಲಿದ್ದಳು.

ಆವತ್ತಿನಿಂದ ಅಣ್ಣನ ತಲೆಯಲ್ಲಿ ಇದ್ದದ್ದು ಇದೊಂದೇ: ಈ ಮನೆಯಿಂದ ಇನ್ನೊಬ್ಬರು ಆ ಹಳ್ಳದಲ್ಲಿ ಸಾಯಬಾರದು. ಮನೆ ಮಂದಿಯೆಲ್ಲ ಕೂರುವಂಥ ಗಾಡಿ ಬೇಕು, ಅದು ಹಳ್ಳ ದಾಟಬೇಕು, ಒಬ್ಬ ಮನುಷ್ಯ ಅದರಲ್ಲಿ ಉದ್ದಕ್ಕೆ ಮಲಗುವಂತಿರಬೇಕು. ಮಂಗಳನಿಗೆ ಗಾಜಿನ ಕಿಟಕಿ ಬೇಕಿತ್ತು. ನನ್ನ ಮೊಣಕಾಲಿಗೆ ಮೆಟ್ಟಿಲು ತಗ್ಗಿದ್ದರೆ ಸಾಕಿತ್ತು. ನಮ್ಮಿಬ್ಬರ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಬಿಡುವ ಗಿರಾಕಿಯಲ್ಲ ಎಂದು ಗೊತ್ತಾದ ಮೇಲೆ ಶಿವಮೊಗ್ಗದವರು ಒಂದು ಗಾಡಿಯನ್ನು ಊರಿಗೇ ತಂದರು. ಮದುವೆ ಮನೆಯ ಹಾಗೆ ಜನ ಸೇರಿದರು. ಮೆತ್ತನೆ ಸೀಟಿನ ಆ ಚೆಲುವೆ ಹಳ್ಳದ ಕೆಸರಿಗೆ ಇಳಿದು, ಹಿಂದಿನ ಚಕ್ರ ಗಿರಗಿರ ತಿರುಗಿಸಿ ಸುಮ್ಮನಾದಳು. ಟಾರು ರಸ್ತೆಗೆ ಅಂತ ಮಾಡಿದ ಗಾಡಿ, ಅದರದೇನು ತಪ್ಪು? ನಮ್ಮ ಎತ್ತುಗಳೇ ಅದನ್ನು ಎಳೆದು ದಡಕ್ಕೆ ಹಾಕಿದವು.

ಆಮೇಲೆ ಆನವಟ್ಟಿಯ ಕಂಟ್ರಾಕ್ಟರೊಬ್ಬರ ಹಳೇ ಜೀಪು ಸಿಕ್ಕಿತು. ಉದ್ದನೆಯ ಮೈ, ಹಿಂದೆ ಎದುರುಬದುರು ಎರಡು ಬೆಂಚು, ಮೇಲೆ ತಾಡಪಾಲು. ನಾಲ್ಕು ಚಕ್ರವೂ ಒಟ್ಟಿಗೆ ಎಳೆಯುವ ಹಾಗೆ ಗೇರಿನ ಪಕ್ಕದಲ್ಲೇ ಇನ್ನೊಂದು ಸಣ್ಣ ಗೇರು. ಅಣ್ಣ ಏನು ಮಾಡಿದ ಗೊತ್ತೇ? ಕೌದಿ ಹಾಸಿ ಹಿಂದಿನ ಬೆಂಚಿನ ಮೇಲೆ ತಾನೇ ಅಂಗಾತ ಮಲಗಿದ. ಎದೆಯ ಮೇಲೆ ನೀರು ತುಂಬಿದ ತಂಬಿಗೆ ಇಟ್ಟುಕೊಂಡ. "ಹ್ಞೂಂ, ಬಿಡಪ್ಪ" ಅಂದ. ಜೀಪು ಗುರುಗುಟ್ಟುತ್ತ ಹಳ್ಳಕ್ಕಿಳಿದು ಆಚೆ ದಡ ಹತ್ತಿತು. ಇಳಿದು ಬಂದವನ ಅಂಗಿ ಅರ್ಧ ಒದ್ದೆ.

"ಅರ್ಧ ತಂಬಿಗೆ ಉಳೀತು ನಾಗಮ್ಮ. ಜೀವ ಉಳಿಯಾಕೆ ಅಷ್ಟು ಸಾಕು," ಅಂದ.

"ಮೈಯೆಲ್ಲ ಕುಲುಕಿ ಹಾಕ್ತತಿ. ಮದುವೆಗೆ ಹೋದ್ರೆ ಸೀರೆ ಮಡಿಕೆ ಉಳಿಯಲ್ಲ," ಅಂದೆ.

"ನೀನು ಮಡಿಕೆ ನೋಡ್ಕ. ನಾನು ಹಳ್ಳ ನೋಡ್ಕಂತೀನಿ."

ಅಂತೂ ಜೀಪು ಬಂತು. ಅಣ್ಣನಿಗೆ ಓಡಿಸಲು ಬಾರದು, ಕಲಿಯಲೂ ಇಲ್ಲ. ಹೂವಪ್ಪ ಅಂತ ಊರವನೇ ಒಬ್ಬ ಡ್ರೈವರ್ ಆದ. ಮೂರು ಮಳೆಗಾಲ ಆ ಜೀಪು ನಮ್ಮೂರಿನ ಆಂಬುಲೆನ್ಸ್ ಆಗಿತ್ತು. ಹೆರಿಗೆಗೆ ಹೋದವರು ಕೂಸು ಎತ್ತಿಕೊಂಡು ಅದರಲ್ಲೇ ಬಂದರು, ಹಾವು ಕಚ್ಚಿದವರು ಬದುಕಿ ಬಂದರು. ಅಣ್ಣ ಯಾರಿಗೂ ಇಲ್ಲ ಅನ್ನಲಿಲ್ಲ. ಹಳ್ಳ ದಾಟಿ ಬಂದವರ ಸುದ್ದಿ ಕೇಳಿದ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಅವನ ಸುಖ ಅಂದರೆ ಅಷ್ಟೇ, ಪಾಪ.

ತೊಂಬತ್ತೇಳರ ಮುಂಗಾರಿನಲ್ಲಿ ಪಕ್ಕದ ಮನೆಯ ದುರ್ಗಮ್ಮ ಜ್ವರ ನೆತ್ತಿಗೇರಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ದೇಹವನ್ನೂ ಹೂವಪ್ಪ ಅದೇ ಜೀಪಿನಲ್ಲಿ ತಂದ. ತರಬೇಕಲ್ಲ, ಇನ್ನೇನು ಅಲ್ಲೇ ಬಿಟ್ಟು ಬರುವುದೇ?

ಅದೇ ತಿಂಗಳು ಮಂಗಳನ ನಿಶ್ಚಯವಾಯಿತು. ಗಂಡು ಸೊರಬದವನು. ಗಂಡಿನ ತಂದೆ ಪಂಚಾಕ್ಷರಪ್ಪ ಅಲ್ಲಿನ ದೊಡ್ಡ ವರ್ತಕರು, ಮಾತುಗಾರರು. ಶ್ರಾವಣದಲ್ಲಿ ಸೊರಬದಲ್ಲೇ ಮದುವೆ ಎಂದು ಗೊತ್ತಾಯಿತು. ಶ್ರಾವಣ ಅಂದರೆ ಹಳ್ಳ ತುಂಬಿರುತ್ತದೆ, ಮದುವಣಗಿತ್ತಿ ಜೀಪಿನಲ್ಲೇ ಹೋಗಬೇಕು. ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತ ಜಗುಲಿಯಲ್ಲಿ ಕೂತಾಗ ಯಾರೋ ದುರ್ಗಮ್ಮನ ವಿಷಯ ತೆಗೆದರು.

ಪಂಚಾಕ್ಷರಪ್ಪ ಜೀಪಿನ ಕಡೆ ನೋಡಿ ನಕ್ಕರು. "ಹೆಣ ಹೊತ್ತ ಗಾಡಿಯನಾ? ಅದ್ರಲ್ಲೇ ಮದುವಣಗಿತ್ತೀನ ಕರ್ಕೊಂಡು ಬರೋದನಾ ಮಾರಾಯ್ರೇ?"

ಎಲ್ಲರೂ ನಕ್ಕರು. ಅವರೂ ಸುಣ್ಣ ಕೇಳಿ ಬೇರೆ ಮಾತಿಗೆ ಹೋದರು. ಅಣ್ಣ ಮಾತ್ರ ನಗಲಿಲ್ಲ.

ಮಾರನೆಯ ದಿನ ಜೀಪನ್ನು ಹಳ್ಳಕ್ಕೆ ಒಯ್ದು ತಿಕ್ಕಿ ತೊಳೆಸಿದ. ಗಂಜಳ ಚಿಮುಕಿಸಿದ. ತೊಗರ್ಸಿ ಮಲ್ಲಿಕಾರ್ಜುನನ ತೀರ್ಥ ತಂದು ಬೆಂಚಿಗೆ ಹಾಕಿದ. ಅದಕ್ಕೂ ಸಮಾಧಾನವಾಗದೆ ಮಠದ ಅಯ್ಯನವರನ್ನು ಕರೆಸಿದ. ಅಯ್ಯನವರು ಹಾಲು ಕುಡಿದು, "ಲಿಂಗ ಕಟ್ಟಿದೋರಿಗೆ ಎಲ್ಲಿ ಸೂತಕ ವೀರಬಸಪ್ಪ? ನಮ್ಮಲ್ಲಿ ಸೂತಕ ಅನ್ನೋದೇ ಇಲ್ಲ," ಅಂದರು. ಅಣ್ಣ ಕೈಮುಗಿದು ಹೌದು ಬುದ್ಧಿ ಅಂದ. ಅವರು ಹೋದ ಕೂಡಲೇ ಹೂವಪ್ಪನನ್ನು ಕರೆದು, "ಮದುವೆ ಮುಗಿಯಗಂಟ ಬದುಕೋದು ಅನುಮಾನ ಇರೋರನ್ನ ಈ ಗಾಡಿ ಹತ್ತಿಸಬ್ಯಾಡ," ಅಂದ.

ನನಗೆ ಸಿಟ್ಟು ನೆತ್ತಿಗೇರಿತು. "ಅಯ್ಯಾರು ಹೇಳಿದ್ದು ಕೇಳಲಿಲ್ಲೇನು? ದಿನಾ ಲಿಂಗಪೂಜೆ ಮಾಡೋ ಕೈ, ಗಾಡಿಗೆ ಗಂಜಳ ಹಾಕ್ತತಲ್ಲ!"

"ನಮಗಿಲ್ಲ, ಸರಿ. ಅವರ ಮನಸಿನಾಗೆ ಐತಲ್ಲ? ತಾಯಿ ಇಲ್ಲದ ಮಗಳು. ನಾಳೆ ಆ ಮನೆಯಾಗೆ ಒಂದು ದನ ಸತ್ರೂ, ಹೆಣದ ಗಾಡಿಯಾಗೆ ಬಂದೋಳು ಅಂತಾರೆ. ಆಗ ನೀನು ಹೋಗಿ ಬಾಯಿ ಮಾಡ್ತೀಯೇನು?"

ಗಂಡ ಸತ್ತಾಗ ನನಗೂ ಅಂಥ ಮಾತುಗಳು ಬಂದಿದ್ದವು.

ಮದುವೆಗೆ ವಾರವಿತ್ತು. ಬೆಳಿಗ್ಗೆ ಪೂಜೆ ಮುಗಿಸಿ ಎದ್ದ ಅಣ್ಣ ಪಡಸಾಲೆಯ ಕಂಬ ಹಿಡಿದು ನಿಂತ. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಎದೆ ಹಿಂಡಿದ ಹಾಗೆ ಆಗುತ್ತದೆ, ಎಡಗೈ ಎತ್ತಲಾಗುವುದಿಲ್ಲ ಅಂದ. ನಾನು ಕೂಗಿದ ಕೂಗಿಗೆ ಹೂವಪ್ಪ ಜೀಪು ಸ್ಟಾರ್ಟ್ ಮಾಡಿ ಬಾಗಿಲಿಗೇ ತಂದ. ಮಂಗಳ ಕೌದಿ ಹಾಸಿದಳು. ನಾವು ಮೂವರೂ ಅಣ್ಣನ ತೋಳು ಹಿಡಿದೆವು. ಅವನು ಕಂಬ ಬಿಡಲಿಲ್ಲ.

"ಅದನ್ನ ಹತ್ತಲ್ಲ. ಮಾಸ್ತಪ್ಪನ ಟ್ರ್ಯಾಕ್ಟರ್ ತರ್ಸು."

"ನಿನಗೇನು ತಲೆ ಕೆಟ್ಟತೇನು ಅಣ್ಣಾ? ನೀನೇನು ಹೆಣವಾ?"

"ದಾರಿಯಾಗೆ ಆದ್ರೆ?"

ಮಂಗಳ ಅವನ ಕಾಲು ಹಿಡಿದುಕೊಂಡಳು. "ಅಪ್ಪಾ, ನಂಗೆ ಮದುವೇನೇ ಬ್ಯಾಡ. ಹತ್ತು ಅಪ್ಪಾ."

"ಅಪಶಕುನ ನುಡೀಬ್ಯಾಡ," ಅಂದ ಅಣ್ಣ. ಅವಳಿಗೆ ಆವರೆಗೂ ಗದರಿದವನಲ್ಲ, ಆಗ ಗದರಿದ.

ಎಳೆದೆವು. ಎಳೆದಷ್ಟೂ ಅವನು ಕಂಬಕ್ಕೆ ಆತುಕೊಂಡ, ಮುಖ ಕಪ್ಪಿಟ್ಟಿತು, ಉಸಿರು ಕಟ್ಟಿತು. ಹೀಗೆ ಗುದ್ದಾಡಿದರೆ ಇಲ್ಲೇ ಹೋಗುತ್ತಾರೆ ಎಂದು ಹೂವಪ್ಪ ಹೆದರಿ, ಆ ವರ್ಷವಷ್ಟೇ ಟ್ರ್ಯಾಕ್ಟರ್ ಕೊಂಡಿದ್ದ ಮಾಸ್ತಪ್ಪನ ಗದ್ದೆಗೆ ಓಡಿದ. ಗದ್ದೆಯಲ್ಲಿದ್ದ ಟ್ರ್ಯಾಕ್ಟರ್ ಬರಬೇಕು, ಅದಕ್ಕೆ ಟ್ರೈಲರ್ ಸಿಕ್ಕಿಸಬೇಕು, ಹುಲ್ಲು ಹಾಸಬೇಕು. ಬಾಗಿಲಲ್ಲಿ ಜೀಪು ಸ್ಟಾರ್ಟಿನಲ್ಲೇ ನಿಂತಿತ್ತು. ಆ ಶಬ್ದ ಕೇಳಿಕೊಂಡು ಅಲ್ಲಿ ಕೂತವಳು ನಾನು. ಅಂಥ ಹೊತ್ತು ವೈರಿಗೂ ಬರುವುದು ಬೇಡ.

ಟ್ರೈಲರಿನ ಹುಲ್ಲಿನ ಮೇಲೆ ಅವನ ತಲೆಯನ್ನು ತೊಡೆಗೆ ಹಾಕಿಕೊಂಡು ಕೂತೆ. ಹಿಂದೆ ಹೂವಪ್ಪ ಜೀಪು ತಂದ, ಅದರಲ್ಲಿ ಮಂಗಳ ಒಬ್ಬಳೇ. ಹಳ್ಳದಲ್ಲಿ ಟ್ರ್ಯಾಕ್ಟರಿನ ಮುಂದಿನ ಚಕ್ರ ಆಚೆ ಕಲ್ಲಿಗೆ ಮುಟ್ಟಿತ್ತು, ಟ್ರೈಲರಿನ ಚಕ್ರ ಗುಂಡಿಗೆ ಇಳಿದು ವಾಲಿತು. ಮಾಸ್ತಪ್ಪ ಎಷ್ಟು ರೇಸ್ ಮಾಡಿದರೂ ಕದಲಲಿಲ್ಲ. ನೀರು ಹಲಗೆಯ ಸಂದಿಯಿಂದ ಒಳಗೆ ಬಂದು ಹುಲ್ಲು ನೆನೆಯಿತು. ಅಣ್ಣ ಕಣ್ಣು ಬಿಟ್ಟು ಎಲ್ಲಿದೀವಿ ಅಂದ. ದಾಟಿದೆವು ಅಂದೆ. ಆಮೇಲೆ ಅವನು ಮಾತಾಡಲಿಲ್ಲ.

ಮಂಗಳ ಜೀಪಿನಿಂದ ನೀರಿಗೆ ಇಳಿದು ಬಂದಳು. ಸೊಂಟದವರೆಗೆ ನೀರು. "ಎತ್ತಿ ಇದಕ್ಕೆ ಹಾಕ್ರಿ," ಅಂದಳು ಹೂವಪ್ಪನಿಗೆ. ಈಗ ಬೇಡ ಅನ್ನುವವರು ಯಾರೂ ಇರಲಿಲ್ಲ. ಮೂವರು ಸೇರಿ ಎತ್ತಿ ಬೆಂಚಿನ ಮೇಲೆ ಮಲಗಿಸಿದೆವು. ಜೀಪು ಟ್ರ್ಯಾಕ್ಟರನ್ನು ಬಳಸಿಕೊಂಡು, ಒಂದು ಸಲವೂ ತಡೆಯದೆ ದಡ ಹತ್ತಿತು. ಶಿಕಾರಿಪುರ ಮುಟ್ಟುವವರೆಗೂ ಅವನ ಕೈ ತಿಕ್ಕುತ್ತಲೇ ಇದ್ದೆ.

ಡಾಕ್ಟರು ನಾಡಿ ಹಿಡಿದು ಬಿಟ್ಟರು. ಒಳ್ಳೆಯ ಮನುಷ್ಯ, ಮೆಲ್ಲಗೇ ಕೇಳಿದರು: "ಯಾಕಮ್ಮ ಇಷ್ಟು ತಡ? ಗಾಡಿ ಸಿಗ್ಲಿಲ್ವಾ?"

ಹೂವಪ್ಪ ಗೋಡೆಯ ಕಡೆ ತಿರುಗಿ ಅತ್ತ. ನಾನು ಇಲ್ಲ ಸ್ವಾಮಿ, ಸಿಗಲಿಲ್ಲ ಅಂದೆ. ಬೇರೆ ಏನು ಹೇಳಲಿ?

ಮಣ್ಣಿಗೆ ಬಂದ ಪಂಚಾಕ್ಷರಪ್ಪನವರನ್ನು ನಾನು ಜಗುಲಿಯಲ್ಲೇ ತಡೆದೆ. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದರು.

"ನಾನು ಹಾಗಂದಿದ್ನನಾ ತಾಯಿ? ಯಾವಾಗ? ಹೋದ ವರ್ಷ ನಮ್ಮಮ್ಮನ್ನ ನಮ್ಮ ಗಾಡೀಲೇ ಆಸ್ಪತ್ರೆಯಿಂದ ಮನೆಗೆ ತಂದ್ವಲ್ಲ. ಆಮೇಲೂ ಅದ್ರಲ್ಲೇ ಮದುವೆ ಮುಂಜಿ ಎಲ್ಲಾ ತಿರುಗ್ತೀವಿ."

ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಮರೆತಿದ್ದರು. ಬಯ್ಯಲು ಬಾಯಿ ತುಂಬ ಮಾತು ಇಟ್ಟುಕೊಂಡು ಹೋಗಿದ್ದೆ, ಚಾಪೆ ಹಾಸಿ ಕೂತ್ಕಳ್ರಿ ಅಂದೆ. ಮದುವೆ ಮುಂದಕ್ಕೆ ಹಾಕೋಣ ಎಂದು ಅವರೇ ಅಂದರು. ಒಳಗಿನಿಂದ ಮಂಗಳ ಬಂದು ಬಾಗಿಲಲ್ಲಿ ನಿಂತಳು.

"ಬ್ಯಾಡ್ರಿ. ನಮ್ಮಪ್ಪ ಆ ಮದುವೆ ದಿನಕ್ಕೆ ಅಂತ ಸತ್ತಿದ್ದು. ಗೊತ್ತು ಮಾಡಿದ ದಿನಾನೇ ಆಗ್ಲಿ."

ಲಿಂಗವಂತರ ಮನೆ, ಸೂತಕದ ಅಡ್ಡಿಯಿಲ್ಲ. ಅದೇ ದಿನ ಆಯಿತು, ಓಲಗವಿಲ್ಲದೆ. ಮಂಗಳ ಜೀಪಿನಲ್ಲೇ ಹೋದಳು. ಹಿಂದಿನ ಬೆಂಚಿನ ಮೇಲೆ, ನನ್ನ ಪಕ್ಕ, ಹಳ್ಳ ದಾಟುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಸೊರಬದ ಕಲ್ಯಾಣ ಮಂಟಪದ ಬಾಗಿಲಲ್ಲಿ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಯಾವ ಗಾಡಿಯಲ್ಲಿ ಬಂದಿರಿ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ.