ವರ್ನಾ ಹೌಗೆನ್ ತಿರುಗಿಸಿದ ವಾಲ್ವು

ಆಲ್ಡರ್ ಫೋರ್ಕ್ ಊರಿನಲ್ಲಿ ಶಾಲೆಯ ಬಸ್ಸು ಹತ್ತಿದವರೆಲ್ಲ ಡ್ರೈವರ್ ವರ್ನಾ ಹೌಗೆನ್‌ಳ ಗಂಟಲಿಗೆ ಹೆದರಿದವರೇ. ಹಿಂದಿನ ಸೀಟಿನಲ್ಲಿ ಯಾರಾದರೂ ಕಿತ್ತಾಡಿದರೆ, ಅವಳು ಕನ್ನಡಿಯಲ್ಲಿ ನೋಡಿ ಒಮ್ಮೆ ಕೆಮ್ಮಿದರೆ ಸಾಕು, ಹಿಮದ ಮೇಲೆ ಚಕ್ರ ಉರುಳುವ ಸದ್ದೊಂದೇ ಕೇಳಿಸುತ್ತಿತ್ತು. ನಿವೃತ್ತಿಯಾದ ಮೇಲೆ ಆ ಗಂಟಲಿಗೆ ಕೆಲಸವಿಲ್ಲದಂತಾಗಿತ್ತು. ಮೊಮ್ಮಗಳ ಜ್ಞಾನಸ್ನಾನಕ್ಕೆಂದು ಹೊಲಿದಿಟ್ಟ ಬಿಳಿ ಅಂಗಿ, ನಲ್ಲಿ ನೀರಿನ ಕೊಳೆಯಿಂದ ಚಹಾದ ಬಣ್ಣ ತಾಳಿ ಒಗೆಯುವ ಯಂತ್ರದಿಂದ ಹೊರಬಂದ ದಿನ, ಕೆಲಸ ಸಿಕ್ಕಿತು.

ಒದ್ದೆ ಅಂಗಿಯನ್ನು ಹಿಡಿದುಕೊಂಡೇ ಅವಳು ನೀರಿನ ಮಂಡಳಿಯ ಸಭೆಗೆ ನುಗ್ಗಿದಳು. ಅಧ್ಯಕ್ಷ ಆರ್ವಿಲ್ ಟೆಸ್ಕಿ ಗುಡ್ಡದ ತುದಿಯ ಮನೆಯವನು, ಅಲ್ಲಿಗೆ ನೀರು ಏರುತ್ತಿದ್ದುದೇ ನೂಲಿನಷ್ಟು; ಆದರೂ ಯಾವುದಕ್ಕೂ ಅವಸರಪಡುವ ಆಸಾಮಿಯಲ್ಲ.

"ಪೈಪು ಹಳೇದು ವರ್ನಾ, ಏನ್ಮಾಡೋಕಾಗತ್ತೆ? ನಮ್ಮಜ್ಜನೂ ಇದೇ ನೀರು ಕುಡಿದು ತೊಂಬತ್ತು ವರ್ಷ ಬದುಕಿದ."

"ಬದುಕಿದ, ಸರಿ. ಅವನ ಬನೀನು ಯಾವ ಬಣ್ಣ ಆಗಿತ್ತು ಅಂತ ನಿಮ್ಮಜ್ಜೀನ ಕೇಳಿದ್ಯಾ?"

ಸಭೆ ಗೊಳ್ಳೆಂದಿತು. ಮುಂದಿನ ಚುನಾವಣೆಯಲ್ಲಿ ವರ್ನಾ ಮಂಡಳಿಗೇ ನಿಂತು ಗೆದ್ದಳು. ಆಮೇಲೆ ಹೊಸ ಪೈಪಿಗಾಗಿ ಊರಿನ ಒಪ್ಪಿಗೆ ಪಡೆಯಬೇಕಿತ್ತು. ಮನೆಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆರೆದವರಲ್ಲಿ ಅರ್ಧದಷ್ಟು ಜನ ಅವಳ ಬಸ್ಸಿನಲ್ಲೇ ಬೆಳೆದವರು. ಗಡ್ಡ ಬಂದ ಗಂಡಸರೂ ಅವಳನ್ನು ಕಂಡೊಡನೆ ಬೆನ್ನು ನೆಟ್ಟಗೆ ಮಾಡಿ ನಿಂತರು. ಮತದಾನದಲ್ಲಿ ಗೆಲುವು ಕೂದಲೆಳೆಯಷ್ಟರದು.

"ಊರನ್ನೇ ಅಗೆದು ಹಾಕ್ತೀಯ ನೋಡು," ಎಂದು ಆರ್ವಿಲ್ ಗೊಣಗಿದ.

ಚಳಿಗಾಲ ಕಳೆದು ನೆಲದ ಹೆಪ್ಪು ಕರಗುತ್ತಲೇ ಅಗೆತ ಶುರುವಾಯಿತು. ಮೊದಲ ದಿನ ಊರಿಗೆ ಊರೇ ಮಡಚುವ ಕುರ್ಚಿ ಹಿಡಿದು ಬಂದು ರಸ್ತೆಯ ಪಕ್ಕ ಕೂತಿತು. ಯಾರೋ ಹಕಲ್‌ಬೆರಿ ಹಣ್ಣು ತುಂಬಿ ಬೇಯಿಸಿದ ಪೈ ಹಂಚಿದರು. ಯಂತ್ರದ ತೋಳು ಮಣ್ಣಿನಿಂದ ಎತ್ತಿದ್ದು ಕಬ್ಬಿಣವನ್ನಲ್ಲ, ಮರವನ್ನು! ಪೀಪಾಯಿಯಂತೆ ಹಲಗೆ ಜೋಡಿಸಿ, ಸುತ್ತ ತಂತಿ ಬಿಗಿದ ಕಪ್ಪು ಕೊಳವೆ. ಕೆಲಸದ ಮೇಸ್ತ್ರಿ ಮರಿಸೋಲ್ ಬುಸ್ತೋಸ್ ಶಿಳ್ಳೆ ಹಾಕಿದಳು. ಆರ್ವಿಲ್ ಮುಂದೆ ಬಂದು ಬೆರಳಿನಿಂದ ಒತ್ತಿದ. ಬೆರಳು ಹಲಗೆಯೊಳಗೆ ಗೆಣ್ಣಿನವರೆಗೂ ಇಳಿಯಿತು.

"ಇದ್ರಲ್ಲಾ ನಮ್ಮನೆಗೆ ನೀರು ಬರ್ತಿದ್ದಿದ್ದು?"

"ಬರ್ತಿತ್ತು ಅನ್ಬೇಡ, ತೆವಳ್ತಿತ್ತು ಅನ್ನು," ಎಂದಳು ವರ್ನಾ.

ಅವನು ನಗಲಿಲ್ಲ. ಆದರೆ ಮರುದಿನದಿಂದ ಕೆಲಸದವರಿಗೆ ಫ್ಲಾಸ್ಕಿನಲ್ಲಿ ಕಾಫಿ ತರತೊಡಗಿದ.

ಬೇಸಿಗೆ ಮುಗಿಯುವಷ್ಟರಲ್ಲಿ ಹೊಸ ಪಂಪ್‌ಮನೆ ಎದ್ದಿತು, ಗುಡ್ಡದ ಮೇಲೆ ಹೊಸ ತೊಟ್ಟಿ ಹೊಳೆಯಿತು. ನೀರು ಬಿಡುವ ದಿನ ಮರಿಸೋಲ್ ವಾಲ್ವಿನ ಉದ್ದನೆಯ ಕೀಲಿಯನ್ನು ವರ್ನಾಳ ಕೈಗಿತ್ತಳು.

"ನೀವೇ ತಿರುಗಿಸಿ ಅಜ್ಜಿ. ಆದ್ರೆ ಮೆಲ್ಲಗೆ, ಬಸ್ ಓಡಿಸ್ದಂಗೆ ಅಲ್ಲ."

"ಏಯ್, ನನ್ನ ಬಸ್ಸು ಒಂದಿನಾನೂ ಹಳ್ಳಕ್ಕೆ ಬಿದ್ದಿಲ್ಲ ಕಣೇ!"

ವರ್ನಾ ಎರಡೂ ಕೈಯಿಂದ ಬಲ ಹಾಕಿದಳು. ಕೀಲಿ ತಿರುಗಿತು. ನೆಲದಡಿಯಲ್ಲಿ ಏನೋ ಗುಡುಗಿತು. ಬೆಂಕಿ ಆರಿಸಲೆಂದು ಬೀದಿಯಲ್ಲಿ ನೆಟ್ಟಿದ್ದ ದಪ್ಪ ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಕೆಸರು ಚಿಮ್ಮಿಸಿತು. ಇದ್ದಕ್ಕಿದ್ದಂತೆ ಬೆಳ್ಳನೆಯ ನೀರು ಆರ್ಭಟಿಸುತ್ತ ರಸ್ತೆಯ ಆಚೆ ಬದಿಗೆ ಹಾರಿತು. ಜನ ಕಿರುಚಿದರು. ಮಕ್ಕಳ ಜೊತೆ ಪಾದ್ರಿಯೂ ಬೂಟು ಬಿಚ್ಚಿ ನೀರಿಗಿಳಿದ. ತೊಯ್ದು ತೊಪ್ಪೆಯಾದ ಮರಿಸೋಲ್ ಮತ್ತು ವರ್ನಾ ತಬ್ಬಿಕೊಂಡು ಕುಣಿದರು.

ಕೊಳವೆಗಳನ್ನೆಲ್ಲ ತೊಳೆದು, ನೀರಿನ ಪರೀಕ್ಷೆಯೂ ಪಾಸಾಗಿ, ಮನೆಗಳಿಗೆ ನೀರು ಹರಿದ ಬೆಳಿಗ್ಗೆ ವರ್ನಾಳ ಫೋನು ಬಡಿದುಕೊಂಡಿತು.

"ವರ್ನಾ! ಷವರಿನ ಮೂತಿ ಹಾರಿಹೋಯ್ತು! ಕಿತ್ಕೊಂಡು ಬಂದು ಹಣೆಗೇ ಬಡೀತು!" ಆರ್ವಿಲ್ ಅರಚುತ್ತಿದ್ದ.

"ಅಯ್ಯೋ, ಪೆಟ್ಟಾಯ್ತಾ?"

"ಪೆಟ್ಟು ಹಾಳಾಗ್ಲಿ! ಮದುವೆಯಾದಾಗಿಂದ ಈ ಮನೇಲಿ ಇಂಥ ಸ್ನಾನ ಮಾಡಿರ್ಲಿಲ್ಲ ಕಣೇ! ನನ್ ಹೆಂಡ್ತಿ ಬಾಗಿಲು ಬಡೀತಿದ್ದಾಳೆ, ನಾನು ಹೊರಗೆ ಬರೋದಿಲ್ಲ!"

ವರ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಕಡೆ ನೀರಿನ ಭೋರ್ಗರೆತದ ನಡುವೆ ಆರ್ವಿಲ್ ಮತ್ತೆ ಕೂಗಿದ:

"ಅದ್ಸರಿ, ಮಿಲ್ ಬೀದೀಲಿ ಉಳಿದಿರೋ ಹಳೇ ಪೈಪು ಯಾವಾಗ ಕೀಳೋದು? ಅಲ್ಲಿ ನನ್ನ ತಂಗಿ ಮನೆ ಇದೆ. ಮುಂದಿನ ಸಭೇಲಿ ನೀನು ಈ ಮಾತು ಎತ್ತದೇ ಇದ್ರೆ ನಾನೇ ಎತ್ತುತ್ತೀನಿ!"